ಗಂಡಸರಿಗೂ ಬರುತ್ತೆ

ಜುಲೈ ೧೨

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಮಳೆಯ ಸುದ್ದಿ ಕೇಳಿ ಇಟ್ಟುಬಿಡುತ್ತೇನೆ. ಬೈದುಕೊಂಡಿರುತ್ತೀ, ಬೈದುಕೋ.

ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಸ್ತನ ಕ್ಯಾನ್ಸರ್. ಬೇಕಿದ್ದರೆ ಇನ್ನೊಂದು ಸಲ ಓದಿಕೋ, ನಾನೂ ಹಾಗೆಯೇ ಓದಿದೆ. ಇವಳಿಗಲ್ಲ, ನನಗೆ.

ಎಡಗಡೆ ತೊಟ್ಟಿನ ಹಿಂದೆ ಕಡಲೆಕಾಳಿನಷ್ಟು ಗಂಟಿತ್ತು. ದಿನವೆಲ್ಲ ಹಲಗೆಯನ್ನು ಎದೆಗೊತ್ತಿ ಹಿಡಿಯುವ ಬಡಗಿಗೆ ಅಷ್ಟೂ ಆಗದಿದ್ದರೆ ಹೇಗೆ ಎಂದು ಎಣ್ಣೆ ಸವರಿಕೊಂಡು ಸುಮ್ಮನಿದ್ದೆ. ಮರದಲ್ಲಿ ಗಂಟು ಕಂಡರೆ ಗಿರಾಕಿಗೆ ತೋರಿಸಿ ಹಲಗೆ ಬದಲಾಯಿಸುವವನು, ಮೈಯೊಳಗಿನ ಗಂಟನ್ನು ತಿಂಗಳುಗಟ್ಟಲೆ ಯಾರಿಗೂ ತೋರಿಸಲಿಲ್ಲ. ಕೊನೆಗೆ ತೊಟ್ಟು ಒಳಕ್ಕೆ ಸರಿದದ್ದು ಇವಳ ಕಣ್ಣಿಗೆ ಬಿದ್ದು, ಜಗಳವಾಡಿ ಆಸ್ಪತ್ರೆಗೆ ಕರೆದೊಯ್ದಳು.

ಕಾಯುವ ಕೋಣೆಯ ತುಂಬ ಹೆಂಗಸರು. ನರ್ಸು ಚೀಟಿ ಹಿಡಿದು ಬಂದವಳೇ ಇವಳ ಕೈ ಹಿಡಿದು, "ಬನ್ನಿ ಅಮ್ಮಾ, ಹೆದ್ರಬೇಡಿ. ನಿಮ್ಮ ಯಜಮಾನ್ರು ಹೊರಗೆ ಕೂತಿರ್ಲಿ," ಅಂದಳು.

"ನಾನಲ್ಲಮ್ಮ, ಇವ್ರೇ," ಅಂದಳು ಇವಳು.

ಕೋಣೆಗೆ ಕೋಣೆಯೇ ನನ್ನತ್ತ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ಡಾಕ್ಟರಮ್ಮ ವಿಷಯ ಹೇಳಿದಾಗ, "ಬೇರೆಯವ್ರದ್ದು ಅದಲು ಬದಲಾಗಿರ್ಬೇಕು, ಸರಿಯಾಗಿ ನೋಡಿ," ಅಂದೆ. ಆಕೆ ಮೆಲ್ಲಗೆ, "ಗಂಡಸರಿಗೂ ಬರುತ್ತೆ, ಅಪರೂಪ ಅಷ್ಟೇ. ಆಪರೇಷನ್ ಮಾಡೋಣ, ಔಷಧಿನೂ ಇದೆ," ಅಂದರು. ಆಮೇಲಿನ ಮಾತೊಂದೂ ನನ್ನ ತಲೆಗೆ ಹೋಗಲಿಲ್ಲ, ಇವಳೇ ಕೇಳಿಸಿಕೊಂಡಳು. ಮನೆಗೆ ಬಂದು ಕುರ್ಚಿಯ ಕಾಲಿಗೆ ಉಜ್ಜುಗೊರಡು ಹಿಡಿದವನು, ಉಜ್ಜಿ ಉಜ್ಜಿ ಅದನ್ನು ಕಡ್ಡಿ ಮಾಡಿಟ್ಟಿದ್ದೇನೆ. ಮೂರು ಕಾಲಿನ ಕುರ್ಚಿ ಬೇಕಿದ್ದರೆ ತಿಳಿಸು.

ನಿನಗೆ ಬರೆಯಲೇಬೇಕಾದ ಇನ್ನೊಂದು ವಿಷಯವಿದೆ. ಇದು ವಂಶದಲ್ಲಿ ಇಳಿದು ಬಂದದ್ದೋ ಏನೋ ಎಂದು ನನ್ನ ರಕ್ತ ಪರೀಕ್ಷೆಗೆ ಕಳಿಸಿದ್ದಾರೆ. ಹೌದಾದರೆ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ನೀನು ಅಲ್ಲಿಯವರೆಗೆ ಕಾಯಬೇಡ, ಈಗಲೇ ಹೋಗಿ ತೋರಿಸಿಕೋ. ನಾಚಿಕೊಂಡು ಕೂತು ನಾನು ಅನುಭವಿಸುತ್ತಿರುವುದು ಸಾಕು. ಭಯವಾಗಿದೆ ಅಕ್ಕ, ನಿನ್ನ ಹತ್ತಿರ ಮುಚ್ಚಿಡುವುದೇನು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಾವ ಗಟ್ಟಿಯಾಗಿದ್ದಾನೆ ಅಂತಷ್ಟೇ ಅವರಿಗೆ ಹೇಳು.

ಇಂತಿ ನಿನ್ನ
ಪೆದ್ದು ತಮ್ಮ

ತಾ.ಕ.: ವಂಶದ್ದೇ ಆದರೆ ಮಗಳಿಗೂ ಇಳಿದಿರಬಹುದಂತೆ. ಅವಳಿಗಿನ್ನೂ ನನ್ನ ಕಾಯಿಲೆಯನ್ನೇ ಹೇಳಿಲ್ಲ, ಹಲಗೆ ತಾಗಿದ ಊತ ಅಂದಿದ್ದೇನೆ. ನಿನ್ನೆ ಹಳೆಯ ಗಿರಾಕಿಯೊಬ್ಬರು ಅವಳನ್ನು ನೋಡಿ, "ಮಗಳು ನಿಮ್ಮದೇ ಪಡಿಯಚ್ಚು ಕಣ್ರೀ," ಅಂದರು. ಇಷ್ಟು ವರ್ಷ ಆ ಮಾತು ಕೇಳಿದರೆ ಉಬ್ಬಿಹೋಗುತ್ತಿದ್ದೆ. ನಿನ್ನೆ ಉಳಿ ಕೆಳಗಿಟ್ಟು, ಒಳಗೆ ಹೋಗಿ ಅತ್ತುಬಿಟ್ಟೆ.