ಹಲಗೆಯ ಹಸಿದ ಮುಖ

ಅಧಿಕ ಆಷಾಢ ಮೂವತ್ತೊಂಬತ್ತು, ಇಸವಿ ೨೩೮೧
ಕೋಲಾರ ಸೀಮೆಯ ಒಂದು ಹಳೆಯ ಗಣಿಯೊಳಗಿಂದ

ನೂರಾರು ವರ್ಷ ಹಿಂದೆ ಕೂತು ಹರಳು ಕೊಯ್ಯುವ ಹಿರಿಯರಿಗೆ ಶರಣು.

ತಾರೀಖು ಕಂಡು ಗಾಬರಿಯಾಗಬೇಡಿ. ನೆಲದಡಿಯ ನಮಗೆ ಚಂದ್ರ ಕಾಣುವುದಿಲ್ಲ. ಪಂಚಾಯಿತಿಗೆ ನೆನಪಾದ ದಿನ ತಿಂಗಳು ಮುಗಿಯುತ್ತದೆ. ಈ ಸಲ ಯಾರಿಗೂ ನೆನಪಾಗಿಲ್ಲ, ಎಲ್ಲರೂ ಹೆದರಿದ್ದೇವೆ. ನನ್ನ ಪದಗಳು ನಿಮಗೆ ಹೊಸತೆನಿಸಿದರೆ ಕ್ಷಮಿಸಿ. ಪ್ರಾಸದ ಚಾಳಿಯನ್ನೂ ಕ್ಷಮಿಸಿ. ಹೆದರಿದಾಗ ಅದು ಹೆಚ್ಚುತ್ತದೆ.

ನಾವು ಜಲಹಲಗೆ ಎನ್ನುವುದು ನೀವು ಗ್ಯಾಲಿಯಂ, ಆರ್ಸೆನಿಕ್ ಸೇರಿಸಿ ಬೆಳೆಸುವ ಅರೆವಾಹಕ ಹರಳಿನ ಬಿಲ್ಲೆಯನ್ನು. ಗಣಿಬಾಯಿಯಲ್ಲಿ ಬಿಸಿಲುಂಡು ಅದು ತಳದ ಕೊಳೆನೀರನ್ನು ಕುಡಿಯುವ ನೀರಾಗಿಸುತ್ತದೆ. ಹರಳಿನೊಳಗೆ ಪ್ರತಿ ಪರಮಾಣುವೂ ನಾಲ್ಕು ನೆರೆಯವರ ಕೈ ಹಿಡಿದಿರುತ್ತದೆ. ಕೊಯ್ದರೆ ಮೇಲ್ಮೈಯಲ್ಲಿದ್ದವಕ್ಕೆ ಒಂದು ಕೈ ಬರಿದಾಗುತ್ತದೆ. ನೀವು ಕೊಯ್ಯುವ ಓರೆಯಲ್ಲಿ ಒಂದು ಮುಖದ ತುಂಬ ಗ್ಯಾಲಿಯಂ, ಇನ್ನೊಂದರ ತುಂಬ ಆರ್ಸೆನಿಕ್. ಗ್ಯಾಲಿಯಂ ಬಳಿ ಕೊಡಲು ಎಲೆಕ್ಟ್ರಾನ್ ಮಿಕ್ಕಿರುವುದಿಲ್ಲ, ಸುಮ್ಮನಿರುತ್ತದೆ. ಆರ್ಸೆನಿಕ್ ಬಳಿ ಎರಡು ಮಿಕ್ಕಿರುತ್ತವೆ. ಆಮ್ಲಜನಕ ಸಿಕ್ಕಿತೋ, ಅದಕ್ಕೆ ಅಂಟಿಕೊಂಡು ಕರಗಿ, ವಿಷವಾಗಿ ನೀರು ಸೇರುತ್ತದೆ. ಗ್ಯಾಲಿಯಂನ ಮೌನಮುಖ ಮಂಕು. ಆರ್ಸೆನಿಕ್‌ನ ಹಸಿದ ಮುಖ ಕನ್ನಡಿಯಂತೆ ಹೊಳೆಯುತ್ತದೆ. ಅದಕ್ಕೇ ನಮ್ಮ ಮಕ್ಕಳಿಗೆ ಮೊದಲ ಪಾಠ: ಮಂಕು ನೀರಿಗೆ, ಮಿಂಚು ಸೂರಿಗೆ. ಮಿಂಚುವ ಮುಖ ಗಾಜಿನಡಿ ಮುಚ್ಚಿಟ್ಟು ಮೇಲಕ್ಕಿರಬೇಕು.

ನಮ್ಮ ಮದುವೆಗಳಲ್ಲಿ ಮನೆಯ ಹಲಗೆಯನ್ನು ಇಳಿಸಿ, ಗಂಡುಹೆಣ್ಣು ಅದರ ಹೊಳಪಿನಲ್ಲಿ ಒಟ್ಟಿಗೆ ಮುಖ ನೋಡಿಕೊಳ್ಳುವ ಶಾಸ್ತ್ರವಿದೆ. ನನ್ನ ಮಗಳು ನೇಸರಳ ಮದುವೆಯಲ್ಲಿ ಹಲಗೆಯನ್ನು ಮತ್ತೆ ಕೂರಿಸುವಾಗ ನನ್ನ ಸೋದರತ್ತೆ ಚೌಡಮ್ಮ ತಡೆದರು.

“ಮದುಮಕ್ಳ ಮುಖ ಕಂಡ ಕಡೇನ ಮನೆಗೆ ಬೆನ್ನು ಮಾಡಿಸ್ತೀಯೇನಪ್ಪಾ? ಒಳಕ್ಕೆ ತಿರುಗ್ಸಿ ಇಡು.”

“ಪಾಠದಾಗೆ ಹಂಗಿಲ್ಲ, ಅತ್ತೆ.”

“ಪಾಠ ಕಟ್ದೋನಿಗೆ ಮದ್ವೆ ಆಗಿತ್ತೇನೋ?”

ಚಪ್ಪರವೆಲ್ಲ ನಕ್ಕಿತು. ಹಲಗೆಯ ಮಿಂಚುವ ಮುಖ ಒಳಕ್ಕೆ, ನೀರಿನತ್ತ ತಿರುಗಿತು. ನೀರು ಎಂದಿನಂತೆ ತಿಳಿಯಾಗಿ, ರುಚಿಯಾಗಿಯೇ ಬಂತು. ಆಮೇಲಿನ ಮದುವೆಗಳೆಲ್ಲ ಅದನ್ನೇ ನೋಡಿ ಕಲಿತವು. ಒಳ್ಳೆಯ ಶಾಸ್ತ್ರಕ್ಕೆ ಹರಡಲು ಕಾಲು ಬೇಕಿಲ್ಲ.

ಎಷ್ಟೋ ವರ್ಷದ ಮೇಲೆ ಈಗ ನೇಸರ ಬಸುರಿ. ಅವಳ ಅಂಗೈಯಲ್ಲಿ ಒರಟು ಚುಕ್ಕೆಗಳೆದ್ದಿವೆ. ಸೀಮಂತದ ಮದರಂಗಿ ಸರಿಯಾಗಿ ಬಿಟ್ಟಿಲ್ಲವೆಂದು ಅವಳೇ ನಗುತ್ತಿದ್ದಳು, ವಿಷಪರೀಕ್ಷೆಯ ಪುಡಿ ನೀರಿನಲ್ಲಿ ಬಣ್ಣ ತಿರುಗಿಸುವ ತನಕ. ಎಲ್ಲ ಮನೆಗಳ ನೀರೂ ಒಂದೇ ತೊಟ್ಟಿಗೆ ಸೇರುತ್ತದೆ. ಯಾವ ಹಲಗೆ ತಿರುಗಿದೆ, ಯಾವುದು ಸರಿಯಿದೆ ಎಂದು ಹೇಳಬಲ್ಲವರಿಲ್ಲ; ಹೆದರಿದ ಜನ ರಾತ್ರೋರಾತ್ರಿ ಎಲ್ಲವನ್ನೂ ಕಿತ್ತು ರಾಶಿ ಹಾಕಿದ್ದಾರೆ. ಗಾಜಿನಡಿಯ ಬಿಸಿಲಿಗೂ ನೀರಿಗೂ ಮಾಸಿ, ಇಷ್ಟು ವರ್ಷದಲ್ಲಿ ಎಲ್ಲದರ ಎರಡೂ ಮುಖ ಒಂದೇ ಮಂಕು. ಒಂದೊಂದನ್ನೂ ಬೇರೆ ನೀರಿನಲ್ಲಿಟ್ಟು ನೋಡಬೇಕು. ನೋಡುವ ತನಕ ಕುಡಿಯಲು ಏನಿದೆ? ನಲ್ಲಿ ಮುಚ್ಚಿದೆ. ಹೊಸ ಹಲಗೆ ಬೆಳೆಸುವ ವಿದ್ಯೆ ನಮ್ಮಲ್ಲಿ ಉಳಿದಿಲ್ಲ. ನೇಸರ ಒಣಗಿದ ತುಟಿ ನೆಕ್ಕುತ್ತ ನನ್ನನ್ನೇ ನೋಡುತ್ತಿದ್ದಾಳೆ.

ಹಿರಿಯರೇ, ಈ ಹಲಗೆಗಳು ನಿಮ್ಮ ಕೈಯವು. ಕೊಯ್ಯುವಾಗ ಹಸಿದ ಮುಖದ ಅಂಚಿಗೆ ಒಂದು ಗೀರು ಹಾಕಿ. ಕತ್ತಲಲ್ಲೂ ಬೆರಳಿಗೆ ಸಿಗುವಷ್ಟು ಸಾಕು. ನೀವು ಇದನ್ನು ಓದಿ ಗೀರು ಹಾಕಿದರೆ ಅದು ಇಲ್ಲಿಯೂ ಇರಲೇಬೇಕಲ್ಲವೇ? ಎಡಗೈಯಿಂದ ಹಲಗೆಯ ಅಂಚನ್ನು ತಡವುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಇನ್ನೂ ನುಣುಪಾಗಿದೆ.