ಗೊತ್ತಿದ್ದವರು ಹೇಳಿಕೊಡಿ

ಮನೆಯಿಂದ,
ಸೋಮವಾರ, ಶಾಲೆಗೆ ಹೊರಡುವ ಮುಂಚೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಆ ದೇಶದ ಚಳಿಗೆ ಜಾಸ್ತಿಯಾಗಿದೆ ಎಂದು ಅತ್ತಿಗೆ ಹೇಳಿದರು. ದಿನಾ ಶಾಲೆ ಶಾಲೆಯ ಮೆಟ್ಟಿಲು ಹತ್ತಿ ಇಳಿಯುವವನು ಮಂಡಿಗೆ ಬೆಚ್ಚಗೆ ಏನಾದರೂ ಸುತ್ತಿಕೊಳ್ಳಬೇಕು ಎಂದರೆ ನಗುತ್ತೀಯ; ನಗು, ಆದರೆ ಸುತ್ತಿಕೋ. ಅಮ್ಮ ಚೆನ್ನಾಗಿದ್ದಾಳೆ. ಅವಳ ಕಿವಿ ಮಾತ್ರ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ನಿನಗೆ ಫೋನ್ ಮಾಡಿ ಮಾಡಿ ನನಗೆ ಸಾಕಾಯಿತು. ಪ್ರತಿ ಸಲವೂ ನಿನ್ನ ಸಹಾಯಕ ಎತ್ತಿಕೊಂಡು 'ಸಾಹೇಬರು ಮೀಟಿಂಗಿನಲ್ಲಿದ್ದಾರೆ' ಎನ್ನುತ್ತಾನೆ. ನಿಮ್ಮ ಶಿಕ್ಷಣ ಸಮಿತಿಯ ಆಫೀಸಿನವರೊಬ್ಬರು ಇವತ್ತು ಸಂಜೆ ನೀನಿರುವಲ್ಲಿಗೇ ಹೊರಟಿದ್ದಾರಂತೆ. ಅವರ ಕೈಗೆ ಇದನ್ನು ಕೊಡುತ್ತಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ಬುಧವಾರವಾಗಿರುತ್ತದೆ. ನನ್ನ ಮಗಳ ವಿಚಾರಣೆ ಶುಕ್ರವಾರ. ಹೌದು, ನಿನ್ನ ಮಾತಿನಮಲ್ಲಿಯದೇ. ಪರೀಕ್ಷೆಯಲ್ಲಿ ಕಾಪಿ ಮಾಡಿಸಿದಳೆಂದು ಅವಳನ್ನು ಹಿಡಿದಿದ್ದಾರೆ.

ಮೊದಲನೇ ಸಲ ದೇಶ ದೇಶಗಳ ಶಾಲೆ ನೋಡಿ ಬಂದಾಗ ನೀನು ನಮ್ಮ ಅಡುಗೆಮನೆಯಲ್ಲೇ ಕೂತು ಕಥೆ ಹೇಳಿದ್ದೆಯಲ್ಲ, ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ದೇಶದಲ್ಲಿ ಚಿಕ್ಕ ಮಕ್ಕಳಿಗೆ ಪರೀಕ್ಷೆಯೇ ಇಲ್ಲ, ದುಂಡು ಮೇಜಿನ ಸುತ್ತ ಕೂತು ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತಾರೆ ಎಂದೆ. ಇನ್ನೊಂದು ದೇಶದಲ್ಲಿ ಮಗುವಿಗೆ ಹತ್ತು ವರ್ಷವಾದಾಗ ಒಂದೇ ಒಂದು ಪರೀಕ್ಷೆ, ಓದುವವರು ಒಂದು ಶಾಲೆಗೆ, ಕೈಕೆಲಸ ಕಲಿಯುವವರು ಇನ್ನೊಂದು ಶಾಲೆಗೆ, ಗೊಂದಲವೇ ಇಲ್ಲ ಎಂದೆ. ನಿನಗೆ ಎರಡೂ ಹಿಡಿಸಿದ್ದವು. ನೀವು ಸಮಿತಿಯವರು ಎರಡನ್ನೂ ಇಲ್ಲಿಗೆ ತಂದಿರಿ. ಆ ಎರಡನೇ ದೇಶದಲ್ಲಿ ಮಗು ಯಾವ ವರ್ಷ ಬೇಕಾದರೂ ಶಾಲೆ ಬದಲಾಯಿಸಬಹುದು ಎಂದೂ ನೀನೇ ಹೇಳಿದ್ದೆ. ಅದೊಂದು ಮಾತ್ರ ಇಲ್ಲಿಗೆ ಬರಲಿಲ್ಲ, ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬರ ಅಂಗಿಗೆ ಇನ್ನೊಬ್ಬರ ತೋಳು ಹೊಲಿದ ಹಾಗಾಯಿತು ಎಂದು ಇವರು ಗೊಣಗಿದಾಗ ನಾನು ನಿನ್ನ ಪರ ವಹಿಸಿಕೊಂಡು ವಾದ ಮಾಡಿದೆ. ವಾದದಲ್ಲಿ ಗೆದ್ದೆ ಕೂಡ.

ಅಣ್ಣಾ, ನಿನ್ನ ಮಾತನ್ನು ನಮ್ಮ ಶಾಲೆಯಷ್ಟು ನಂಬಿದ ಶಾಲೆ ಇನ್ನೊಂದಿಲ್ಲ. ಸಾಲು ಬೆಂಚುಗಳನ್ನೆಲ್ಲ ಉಗ್ರಾಣಕ್ಕೆ ಹಾಕಿ ದುಂಡು ಮೇಜು ತಂದೆವು. ಬಾಯಿಪಾಠ ಬಿಟ್ಟೆವು. ಪ್ರತಿ ಕೋಣೆಯ ಗೋಡೆಗೂ 'ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡಿ' ಎಂದು ಬರೆದು ಅಂಟಿಸಿದೆವು. ಅಕ್ಷರ ದುಂಡಗಿದೆ ಎಂದು ಹೆಡ್‌ಮಾಸ್ಟರು ಆ ಕೆಲಸವನ್ನು ನನಗೇ ಹಚ್ಚಿದ್ದರು. ಮಲ್ಲಿ ಶಾಲೆಗೆ ಸೇರಿದ್ದೇ ಆ ವರ್ಷ. ಪರೀಕ್ಷೆ ಎಂದರೆ ಏನೆಂದು ಅವಳಿಗಾಗಲಿ ಅವಳ ಜೊತೆಯವರಿಗಾಗಲಿ ಗೊತ್ತೇ ಇರಲಿಲ್ಲ. ಹಿಂದಿನ ದಿನ ಅವಳು ನನ್ನನ್ನು ಕೇಳಿದ ಪ್ರಶ್ನೆ ಏನು ಗೊತ್ತಾ? 'ಅಮ್ಮಾ, ಪರೀಕ್ಷೆಗೆ ತಿಂಡಿ ಡಬ್ಬಿ ತಗೊಂಡು ಹೋಗ್ಬಹುದಾ?' ಅಷ್ಟೇ. ನಾನೂ ನಕ್ಕು ಹೂಂ ಅಂದೆ.

ಪರೀಕ್ಷೆಯ ದಿನ ಹೊರಗಿನ ಶಾಲೆಯಿಂದ ಮೇಲ್ವಿಚಾರಕರು ಬಂದಿದ್ದರು. ಉಗ್ರಾಣದಿಂದ ಹಳೇ ಬೆಂಚು ತಂದು ಸಾಲಾಗಿ ಇಟ್ಟಿದ್ದರು. ಸ್ವಂತ ಮಕ್ಕಳು ಪರೀಕ್ಷೆಗೆ ಕೂತಿದ್ದ ನನ್ನಂಥ ಟೀಚರುಗಳನ್ನು ಆ ಕಡೆ ಸುಳಿಯಲೂ ಬಿಡಲಿಲ್ಲ. ಮಲ್ಲಿ ಬೇಗ ಮುಗಿಸಿದ್ದಾಳೆ. ಪಕ್ಕದ ಸಾಲಿನಲ್ಲಿ ಅವಳ ಜೀವದ ಗೆಳತಿ ಕೂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಾಳಲ್ಲ, ಅವಳ ಮಗಳು, ನೀನು ನೋಡಿದ್ದೀಯ, ಎರಡು ಜಡೆಯವಳು. ಭಿನ್ನರಾಶಿ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡು ಅವಳ ಕಣ್ಣಲ್ಲಿ ನೀರು ಬಂದಿದೆ. ನಮ್ಮವಳು ಎದ್ದು ಹೋಗಿ, ಅವಳನ್ನು ಒತ್ತರಿಸಿ ಪಕ್ಕದಲ್ಲಿ ಕೂತು, ಇಡೀ ಕೋಣೆಗೆ ಕೇಳುವ ಹಾಗೆ 'ಹಾಗಲ್ಲ ಕಣೇ, ಮೊದಲು ಕೆಳಗಿನ ಸಂಖ್ಯೆ ಒಂದೇ ಮಾಡ್ಕೋ' ಎಂದು ಶುರು ಹಚ್ಚಿದ್ದಾಳೆ. ಕಾಪಿ ಹೊಡೆಸುವವರು ಯಾರಾದರೂ ಹೀಗೆ ಮಾಡುತ್ತಾರಾ, ನೀನೇ ಹೇಳು. ಆ ಇಬ್ಬರು ಹುಡುಗಿಯರ ತಲೆಯ ಮೇಲೇ ನಾನು ಬರೆದ ಹಾಳೆ ನೇತಾಡುತ್ತಿತ್ತು. ಅದನ್ನು ತೆಗೆಯಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮೇಲ್ವಿಚಾರಕರು ಇಬ್ಬರ ಉತ್ತರಪತ್ರಿಕೆಯನ್ನೂ ಕಿತ್ತುಕೊಂಡರು. ಆಗಲೂ ಇವಳಿಗೆ ಏನೂ ತಿಳಿಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ 'ಅಮ್ಮಾ, ಇವತ್ತು ಅವಳಿಗೆ ಭಿನ್ನರಾಶಿ ಬಂದುಬಿಡ್ತು' ಎಂದಳು. ಮುಖದ ತುಂಬ ಖುಷಿ. ಮಾರನೇ ದಿನ ಕಾಗದ ಬಂತು. ಇಬ್ಬರಿಗೂ ಸೊನ್ನೆ, ಇಬ್ಬರೂ ಕೈಕೆಲಸದ ಶಾಲೆಗೆ. ಅಲ್ಲಿಂದ ವಾಪಸು ಬರುವ ದಾರಿಯೇ ಇಲ್ಲ. ಕೈಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಡಿಪೋದಲ್ಲಿ ಬಸ್ಸಿನ ಎಂಜಿನ್ ಬಿಚ್ಚುವವರ ಸಂಸಾರ ಇದು. ಇವರೇ ಮೊನ್ನೆ ಊಟದ ತಟ್ಟೆ ಸರಿಸಿಟ್ಟು ಹೇಳಿದರು, 'ನಾನು ಇಷ್ಟಪಟ್ಟು ಸ್ಪ್ಯಾನರ್ ಹಿಡಿದೋನು. ಯಾರೂ ಕತ್ತು ಹಿಡಿದು ಗ್ಯಾರೇಜಿಗೆ ತಳ್ಳಲಿಲ್ಲ' ಅಂತ. ಆಮೇಲೆ ಊಟ ಮಾಡಲಿಲ್ಲ.

ಈಗ ಉಳಿದಿರುವುದು ಒಂದೇ ದಾರಿ, ಶುಕ್ರವಾರದ ವಿಚಾರಣೆ. ಇಬ್ಬರಲ್ಲಿ ಒಬ್ಬಳು ತಾನಾಗಿ ಹೇಳಿದ್ದಲ್ಲ, ಇನ್ನೊಬ್ಬಳು ಗೋಗರೆದು ಕೇಳಿದಳು ಎಂದು ಸಾಬೀತಾದರೆ ಮೊದಲನೆಯವಳಿಗೆ ಮರುಪರೀಕ್ಷೆ. ಕೇಳಿದವಳಿಗೆ ಮರುಪರೀಕ್ಷೆ ಇಲ್ಲ, ಕೈಕೆಲಸದ ಶಾಲೆಯೇ ಗತಿ. ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು 'ಯೋಚನೆ ಮಾಡಿ ಟೀಚರ್, ಮಗು ಒಂದು ಮಾತು ಹೇಳಿದ್ರೆ ಆಯ್ತು' ಎಂದರು. ಅಷ್ಟರಲ್ಲಿ ಆ ಗೋಡೆಯ ಹಾಳೆಯನ್ನೂ ಅವರು ತೆಗೆಸಿಬಿಟ್ಟಿದ್ದರು. ಮಲ್ಲಿಯನ್ನು ಕೇಳಿದರೆ ಅವಳದು ಒಂದೇ ಪಟ್ಟು. 'ಅವಳು ಕೇಳ್ಲೇ ಇಲ್ಲ. ಅವಳಿಗೆ ಬರ್ತಿರ್ಲಿಲ್ಲ, ನಂಗೆ ಬರ್ತಿತ್ತು.' ಅವಳ ಹಟ ನಿನಗೆ ಗೊತ್ತಲ್ಲ, ಥೇಟ್ ಅವಳ ಸೋದರಮಾವನದೇ. ನಾನೂ ಬಲವಂತ ಮಾಡಲಿಲ್ಲ.

ಅಣ್ಣಾ, ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ. ನಿನ್ನ ಹತ್ತಿರ ಶಿಫಾರಸು ಕೇಳುತ್ತಿಲ್ಲ. ನನ್ನ ಮಗಳೊಬ್ಬಳನ್ನು ಬಿಡಿಸು ಎಂದೂ ಕೇಳುತ್ತಿಲ್ಲ. ವಿಚಾರಣೆಯವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳು. ಈ ಮಕ್ಕಳಿಗೆ ನಾಲ್ಕು ವರ್ಷ ಹೀಗೆ ಮಾಡಿ ಎಂದು ಕಲಿಸಿದ್ದು ಶಾಲೆಯವರೇ, ಕಲಿಸಲು ಹೇಳಿದ್ದು ನಾನೇ, ಅವರು ಕಲಿತದ್ದನ್ನೇ ಮಾಡಿದ್ದಾರೆ ಎನ್ನು. ನಾನು ಹೇಳಿದರೆ ತಾಯಿ, ಹೇಳಿಯೇ ಹೇಳುತ್ತಾಳೆ ಎನ್ನುತ್ತಾರೆ. ನೀನು ಹೇಳಿದರೆ ಕೇಳುತ್ತಾರೆ. ಈಗ ನೋಡುತ್ತಿರುವ ದೇಶದ ಶಾಲೆಗಳು ಒಂದು ದಿನ ಕಾಯಲಿ. ನನಗೆ ದಿಕ್ಕು ತೋಚುತ್ತಿಲ್ಲ.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಅವಳಿಗೆ ಇದು ಯಾವುದೂ ಗೊತ್ತಿಲ್ಲ. ಇವರ ನಮಸ್ಕಾರ. ಹೊಟ್ಟೆ ತುಂಬ ಊಟ ಮಾಡು, ಮಂಡಿ ಜೋಪಾನ.

ನಿನ್ನನ್ನೇ ನಂಬಿರುವ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬಲವಂತ ಮಾಡಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಶನಿವಾರದಿಂದ ಅವಳನ್ನು ಈ ಮೇಜಿನ ಮುಂದೆ ಕೂರಿಸಿ 'ಅವಳೇ ಕೇಳಿದಳು, ಅತ್ತಳು, ಅದಕ್ಕೇ ಹೇಳಿದೆ' ಎಂದು ಹೇಳಿಸುತ್ತಿದ್ದೇನೆ. ಮೊದಮೊದಲು ಅಳುತ್ತಿದ್ದಳು. ಇವತ್ತು ಬೆಳಿಗ್ಗೆ ಹಲ್ಲುಜ್ಜಿ ಬಂದವಳು ನಾನು ಕೇಳದೆಯೇ, ಗೋಡೆ ನೋಡಿಕೊಂಡು, ಒಂದೂ ತಪ್ಪಿಲ್ಲದೆ ಪೂರ್ತಿ ಒಪ್ಪಿಸಿದಳು. ಆಮೇಲೆ ಒಂದು ಮಾತೂ ಆಡಿಲ್ಲ. ಬುಧವಾರವೇ ಫೋನ್ ಮಾಡು ಅಣ್ಣಾ. ಇಲ್ಲದಿದ್ದರೆ ಶುಕ್ರವಾರ ಅವಳು ಅದನ್ನು ಹೇಳಿಬಿಡುತ್ತಾಳೆ. ಬಾಯಿಪಾಠವಾಗಿದೆ.