ಸೋಮವಾರದ ಗುಳಿಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 5
ಇವತ್ತು ಉಪವಾಸ. ಸಂಜೆವರೆಗೆ ನೀರೂ ಇಲ್ಲ. ಕಸ ಗುಡಿಸಿದೆ, ದೀಪ ಹಚ್ಚಿದೆ, ಮಗಳ ಡಬ್ಬಿ ಕಟ್ಟಿದೆ. ಮೂರ್ಛೆಯ ಗುಳಿಗೆ ನಾಳೆಗಾಯಿತು. ಏಳಕ್ಕೆ ಹೊಲಿಗೆ ಶೆಡ್ಡಿನಲ್ಲಿರಬೇಕು — ಇನ್ನೂರು ಜೇಬು ಬಾಕಿ. ನನ್ನ ಮಿಷಿನ್ನು ನನ್ನ ಕಾಲಿಗೆ ಮಾತ್ರ ಬಗ್ಗುತ್ತದೆ. ಬೇರೆಯವರು ಕೂತರೆ ದಾರ ತುಂಡು.

ಮಾರ್ಚ್ 4
ಬಚ್ಚಲಲ್ಲಿ ಬಿದ್ದೆನಂತೆ. ನನಗೇನು ಗೊತ್ತು. ಕಣ್ಣು ಬಿಟ್ಟಾಗ ಮಗಳ ತೊಡೆಯ ಮೇಲೆ ತಲೆ. ನಾಲಿಗೆ ಕಚ್ಚಿಕೊಂಡಿದೆ, ಉರಿ. ಶೆಡ್ಡಿಗೆ ಜ್ವರ ಎಂದು ಹೇಳಿ ಕಳಿಸಿದೆ. ಹದಿನೆಂಟು ವರ್ಷದಿಂದ ಅದೇ ಜ್ವರ. ನಿಜ ಗೊತ್ತಾದರೆ ಮಿಷಿನ್ನಿನಿಂದ ಎಬ್ಬಿಸಿ ಮೂಲೆಯಲ್ಲಿ ದಾರ ಕತ್ತರಿಸಲು ಕೂರಿಸುತ್ತಾರೆ. ದೇವರೇ, ಇಷ್ಟು ಉಪವಾಸ ಮಾಡಿದರೂ ಯಾಕೆ...

ಮಾರ್ಚ್ 9, ಭಾನುವಾರ
ಆಸ್ಪತ್ರೆಯ ಹಿಂದಿನ ಕೋಣೆ. ತಿಂಗಳಿಗೊಮ್ಮೆ ಮೂರ್ಛೆಯವರೆಲ್ಲ ಅಲ್ಲಿ ಸೇರುತ್ತೇವೆ, ನಡೆಸುವವಳು ನರ್ಸಮ್ಮ. ಬಿದ್ದ ದಿನಗಳನ್ನು ಬರೆದಿಡಿ ಅಂದಿದ್ದಳು. ತೋರಿಸಿದೆ. ಬೆರಳಿಟ್ಟು ಓದುತ್ತಾ ಹೋದವಳು ನಿಂತಳು.
"ಅಕ್ಕ, ನೀವು ಬೀಳೋದೆಲ್ಲ ಮಂಗಳವಾರವೇ ಯಾಕೆ? ಸೋಮವಾರ ಏನು ಮಾಡ್ತೀರಿ?"
"ಉಪವಾಸ."
"ಗುಳಿಗೆ?"
"ನೀರೇ ಕುಡಿಯಲ್ಲ, ಇನ್ನು ಗುಳಿಗೆ..."
"ಗುಳಿಗೆ ಊಟ ಅಲ್ಲಕ್ಕ. ನುಂಗಿದರೆ ದೇವರು ಮುನಿಸಿಕೊಳ್ತಾನಾ?"
ಮುನಿಸಿಕೊಳ್ಳಲು ಅವನೇನು ನಮ್ಮ ಶೆಡ್ಡಿನ ಸೂಪರ್‌ವೈಸರಮ್ಮನೇ? ತಪ್ಪು ನನ್ನದು, ದೂರಿದ್ದು ಅವನನ್ನು. ದಾರಿಯುದ್ದಕ್ಕೂ ಕೆನ್ನೆ ಬಡಿದುಕೊಂಡು ಬಂದೆ.

ಮೇ 18, ಭಾನುವಾರ
ಹತ್ತು ವಾರ ದಾಟಿತು, ಬಿದ್ದಿಲ್ಲ. ಸೋಮವಾರವೂ ಗುಳಿಗೆ ನುಂಗುತ್ತೇನೆ. ಡಾಕ್ಟರು ಹೇಳಿದ ಹಾಗೆ ಹಾಲು, ಹಣ್ಣು. ಉಪವಾಸ ಉಪವಾಸವೇ.
ಇವತ್ತು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟಿದ್ದರು. ಮೂರ್ಛೆಯವರ ವಿಶ್ವ ಸಂಘದ ಸಭೆಯಂತೆ. ಪರದೆ ತುಂಬ ಚೌಕ ಚೌಕ ಮುಖ, ಯಾವ್ಯಾವ ದೇಶವೋ. ನರ್ಸಮ್ಮ ನನ್ನನ್ನು ಮುಂದೆ ತಳ್ಳಿದಳು. ಸೋಮವಾರದ ಗುಳಿಗೆಯ ಕಥೆ ನಮ್ಮ ಮಾತಲ್ಲೇ ಹೇಳಿದೆ, ಅವಳು ಇಂಗ್ಲಿಷಿಗೆ ತಿರುಗಿಸಿದಳು. ಮುಗಿಸುವ ಮೊದಲೇ ತಲೆಗೆ ಬಟ್ಟೆ ಹೊದ್ದ ಒಬ್ಬಳು ಕೈ ಎತ್ತಿದಳು. ಅವಳೂ ಉಪವಾಸದ ದಿನ ಗುಳಿಗೆ ಬಿಡುತ್ತಿದ್ದಳಂತೆ! ಆಮೇಲೆ ಕೊರಳಲ್ಲಿ ಶಿಲುಬೆ ಇದ್ದವಳೊಬ್ಬಳು. ದೇವರ ಹೆಸರು ಬೇರೆ, ತಪ್ಪು ಒಂದೇ. ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದೆ.

ಮೇ 26
ವಿಶ್ವ ಸಂಘದ ಕಾಗದ ಬಂತು. ಮಗಳು ಎರಡು ಸಲ ಓದಿದಳು. ಉಪವಾಸ ಮಾಡುವವರಿಗೆಂದು ಪೋಸ್ಟರ್ ಅಚ್ಚು ಹಾಕಿ ದೇಶದೇಶದ ಆಸ್ಪತ್ರೆಗಳಿಗೆ ಕಳಿಸುತ್ತಾರಂತೆ. ಅದರಲ್ಲಿ ನನ್ನ ಕಥೆ. ಹೆಸರು, ಫೋಟೋ ಹಾಕಲು ಒಪ್ಪಿಗೆ ಬೇಕಂತೆ.
"ಹೆಸರು ಬೇಡ ಅಂದರೂ ಸರಿ ಅಂತ ಬರೆದಿದ್ದಾರಮ್ಮ."
"ನಮ್ಮ ಶೆಡ್ಡಿನವರು ಆಸ್ಪತ್ರೆಗೆ ಹೋಗಲ್ವೇನೇ?"
"ಹೋಗ್ತಾರೆ. ಗೋಡೆ ಮೇಲಿನ ಪೋಸ್ಟರಲ್ಲಿ ನೀನೇ ಕೂತು ಟೋಕನ್ ಕೊಡ್ತಿರ್ತೀಯ."
ಇಬ್ಬರೂ ನಕ್ಕೆವು. ಆಮೇಲೆ ನನ್ನ ನಗು ನಿಂತಿತು. ಮಿಷಿನ್ನು...

ಮೇ 28, ಸಂಜೆ
ಶೆಡ್ಡಿನಲ್ಲಿ ಹೇಳಿಬಿಟ್ಟೆ. ಗೋಡೆ ನೋಡಿ ತಿಳಿಯುವುದಕ್ಕಿಂತ ನನ್ನ ಬಾಯಿಂದಲೇ ತಿಳಿಯಲಿ ಎಂದು.
"ಹದಿನೆಂಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲೇ ಮಹಾತಾಯಿ," ಅಂದಳು ಸೂಪರ್‌ವೈಸರಮ್ಮ. "ಸೂಜಿ ಕೆಳಗೆ ಬೆರಳಿದ್ದಾಗ ಬಿದ್ದಿದ್ದರೆ?"
"ಹನ್ನೆರಡು ವಾರದಿಂದ ಬಿದ್ದಿಲ್ಲ."
"ಅದನ್ನ ಡಾಕ್ಟರ ಕೈಲಿ ಬರೆಸಿಕೊಂಡು ಬಾ. ಅಲ್ಲಿವರೆಗೆ ದಾರ ಕತ್ತರಿಸು."
ಮೂಲೆಯಲ್ಲಿ ಕೂತೆ. ಹೆದರಿದ್ದು ಆಗಿಯೇ ಹೋಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಕಾಲರ್ ಹೊಲಿಯುವವಳು ಕತ್ತರಿ ಕೇಳುವ ನೆಪದಲ್ಲಿ ಪಕ್ಕಕ್ಕೆ ಬಂದಳು. "ಅಕ್ಕ, ನಮ್ಮ ಅತ್ತಿಗೆಗೂ ಹೀಗೇ. ಯಾರಿಗೂ ಹೇಳಿಲ್ಲ. ಆ ಕೋಣೆ ಎಲ್ಲಿ, ಯಾವ ಭಾನುವಾರ?"
ಕತ್ತರಿ ಕೆಳಗಿಟ್ಟು ಎರಡು ಸಲ ದಾರಿ ಹೇಳಿದೆ. ಖುಷಿಗೆ.

ಮೇ 29, ಬೆಳಿಗ್ಗೆ 6
ಉತ್ತರ ನಾನೇ ಬರೆದೆ, ಮಗಳಿಗೆ ಕೊಡಲಿಲ್ಲ. ಅಕ್ಷರ ಸೊಟ್ಟ, ಇರಲಿ. ಒಪ್ಪಿಗೆ ಇದೆ. ಹೆಸರು ಪೂರ್ತಿ ಹಾಕಿ, ಅಪ್ಪ ಇಟ್ಟದ್ದು. ಫೋಟೋ ಮಾತ್ರ ಮೂಲೆಯಲ್ಲಿ ಬೇಡ, ಮಿಷಿನ್ನಿನ ಮುಂದೆ — ಅಲ್ಲಿ ಮತ್ತೆ ಕೂತ ದಿನ ತೆಗೆಸಿ ಕಳಿಸುತ್ತೇನೆ. ಮೂರು ಸಲ ಓದಿ ಅಂಟಿಸಿದೆ. ನರ್ಸಮ್ಮ ನಮ್ಮ ಬೀದಿಯಲ್ಲೇ ಬಸ್ಸಿಗೆ ಹೋಗುತ್ತಾಳೆ, ಅಂಚೆಗೆ ಅವಳೇ ಹಾಕಲಿ. ಈಗಲೇ ಫೋನ್ ಮಾಡಬೇಕು — ಕಾಗದ ಕಿಟಕಿ ಹತ್ತಿರ ಇಟ್ಟಿದ್ದೀನಿ ತಾಯಿ, ಬಂದು ತಗೊಂಡು ಹೋಗು, ನನ್ನ ಮನಸ್ಸು ಹಿಂದೇಟು ಹಾಕೋ ಮೊದಲೇ.